ಚಕ್ರದ ಕೆಳಗೆ ನಾಲ್ಕು, ಚೀಲದಲ್ಲಿ ಎರಡು

ನಮ್ಮ ಭಾವನಿಗೆ ಜನ ಹೋಗುವ ಕಡೆ ಹೋಗುವುದೆಂದರೆ ಆಗುವುದಿಲ್ಲ. ಅವರು ಇರುವುದು ಸಿಡ್ನಿಯ ಕೆಲ್ಲಿವಿಲ್‌ನಲ್ಲಿ. ಅವರ ಮನೆಗೂ ಪಕ್ಕದ ಮನೆಗೂ ಗ್ಯಾರೇಜ್ ಬಾಗಿಲಿನ ಬಣ್ಣ ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲ. ದಿನಾ ಅದೇ ಮೆಟ್ರೋ, ಅದೇ ಬೋಗಿ, ಅದೇ ಕಿಟಕಿ ಪಕ್ಕದ ಸೀಟು, ಡಬ್ಬಿಯಲ್ಲಿ ಅದೇ ಚಪಾತಿ ಪಲ್ಯ. ಆದರೆ ರಜೆ ಬಂತೆಂದರೆ ಮಾತ್ರ ‘ಆಫ್ ದ ಬೀಟನ್ ಟ್ರ್ಯಾಕ್’ ಆಗಬೇಕು. ಈ ನಾಲ್ಕು ಪದಗಳನ್ನು ಅವರು ಮಂತ್ರಪುಷ್ಪ ಹೇಳಿದ ಹಾಗೆ ಕಣ್ಣು ಅರ್ಧ ಮುಚ್ಚಿಕೊಂಡು ಹೇಳುತ್ತಾರೆ.

ಒಮ್ಮೆ ಬಾಲಿಗೆ ಹೋದವರು ಸಮುದ್ರದ ದಡ ಬಿಟ್ಟು ಯಾವುದೋ ಗುಡ್ಡದ ಹಳ್ಳಿಗೆ ನಮ್ಮ ಅಕ್ಕನನ್ನು ಎಳೆದುಕೊಂಡು ಹೋದರು. ಅಲ್ಲಿ ಬಿಸಿನೀರಿಲ್ಲ, ಕಮೋಡ್ ಇಲ್ಲ. ಅವಳ ಮಂಡಿ ಹಿಡಿದುಕೊಂಡಿದ್ದು ಬಿಡಲು ಎರಡು ತಿಂಗಳು ಫಿಸಿಯೋ ಹತ್ತಿರ ಓಡಾಡಬೇಕಾಯಿತು. “ಎಷ್ಟು ಅಥೆಂಟಿಕ್ ಗೊತ್ತಾ!” ಎಂದು ಭಾವ ಬಂದವರಿಗೆಲ್ಲ ಹೇಳಿದರು. ಹುಟ್ಟಿದ್ದು ತುಮಕೂರಿನ ಪಕ್ಕದ ಹಳ್ಳಿಯಲ್ಲಿ, ಬೆಳೆದದ್ದು ಹಂಡೆಯ ಒಲೆ ಊದಿ. ಅವತ್ತು ಅದನ್ನು ಅಥೆಂಟಿಕ್ ಎಂದು ಹೇಳಿಕೊಡುವವರು ಅವರ ಪಾಲಿಗೆ ಯಾರೂ ಇರಲಿಲ್ಲ, ಪಾಪ.

ನನ್ನ ನಾಲಿಗೆ ಹೀಗೇ. ನಾನು ದಾವಣಗೆರೆಯವಳು. ಮೆಲ್ಬರ್ನಿಗೆ ಸ್ಟೂಡೆಂಟ್ ವೀಸಾದಲ್ಲಿ ಬಂದು, ಡ್ಯಾಂಡಿನಾಂಗ್‌ನ ಒಂದು ಗೋದಾಮಿನಲ್ಲಿ ಡಬ್ಬಿಗಳಿಗೆ ಲೇಬಲ್ ಹಚ್ಚಿ, ಏಳು ವರ್ಷಕ್ಕೆ ಇಲ್ಲೇ ಕಾಯಂ ನೆಲೆಸುವ ಪಿಆರ್ ಕಂಡು, ಈಗ ಕ್ರೇಗಿಬರ್ನ್‌ನಲ್ಲಿ ಮಾರ್ಟ್‌ಗೇಜ್ ಕಟ್ಟುತ್ತಾ ಇದ್ದೇನೆ. ಯಾರ ಮನೆಗೆ ಹೋದರೂ ನಾನು ಏನಾದರೂ ಚುಚ್ಚಿ ಹೇಳುತ್ತೇನೆಂದು ಜನ ಕಾಯುತ್ತಿರುತ್ತಾರೆ. ನಾನು ಬಾಯಿ ತೆರೆದರೆ ಸಾಕು, ಮಾತು ಮುಗಿಯುವ ಮೊದಲೇ ನಗು ಶುರು. ಇದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಎರಡು ವರ್ಷದ ಹಿಂದೆ ಭಾವ ಫೋನ್ ಮಾಡಿದರು. “ಜುಲೈ ರಜಕ್ಕೆ ಜಾಂಬಿಯಾ. ಬುಕ್ ಮಾಡ್ತಾ ಇದೀನಿ, ನೀವಿಬ್ರೂ ಬರ್ತೀರಾ?”

“ಆಫ್ರಿಕಾ ಅಂದ್ರೆ ಎಲ್ರೂ ಕೀನ್ಯಾಗಲ್ವಾ ಹೋಗೋದು ಭಾವ?”

“ಅದಕ್ಕೇ ಕಣಮ್ಮ! ಅಲ್ಲಿ ಒಂದ್ ಸಿಂಹಕ್ಕೆ ಇಪ್ಪತ್ ಜೀಪು. ನಾವು ಹೋಗೋ ಕಡೆ ಜನಾನೇ ಇಲ್ಲ. ಜೀಪೂ ಬೇಡ, ನಡ್ಕೊಂಡ್ ಹೋಗೋದು. ವಾಕಿಂಗ್ ಸಫಾರಿ.”

“ಸಿಂಹ ಇರೋ ಕಡೆ ನಡ್ಕೊಂಡಾ?”

“ಆಫ್ ದ ಬೀಟನ್ ಟ್ರ್ಯಾಕ್,” ಎಂದರು ಭಾವ. ಕಣ್ಣು ಅರ್ಧ ಮುಚ್ಚಿದ್ದು ಫೋನಿನಲ್ಲೇ ಕಾಣಿಸಿತು.

ನನ್ನ ಗಂಡ ಸೋಫಾದಿಂದ ಏಳಲಿಲ್ಲ. “ಸಿಂಹ ನೋಡ್ಬೇಕಂದ್ರೆ ಟೀವಿ ಇದೆ. ನಿಮ್ ಭಾವನ್ನ ನೋಡ್ಬೇಕಂದ್ರೆ ವಿಡಿಯೋ ಕಾಲ್ ಇದೆ. ನಾನ್ಯಾಕೆ ಬರ್ಲಿ?” ಎಂದರು. ನಾನೂ ಹೋಗುತ್ತಿರಲಿಲ್ಲ. ಅಕ್ಕ ಅವತ್ತೇ ಗುಟ್ಟಾಗಿ ಫೋನ್ ಮಾಡಿ, “ನೀನೂ ಬಾರೇ. ಇವ್ರ ಜೊತೆ ಐದ್ ದಿನ ನಾನೊಬ್ಳೇ ಕಾಡಲ್ಲಿದ್ರೆ ನಾನೇ ಹೋಗಿ ಸಿಂಹದ ಮುಂದೆ ಕೂತ್ಕೋತೀನಿ,” ಎಂದು ಗೋಗರೆದಳು. ಸರಿ, ಒಪ್ಪಿದೆ. ಒಟ್ಟು ನಾಲ್ಕು ಜನ: ಭಾವ, ಅಕ್ಕ, ಅವರ ಹದಿನಾರು ವರ್ಷದ ಮಗಳು, ನಾನು.

ಹೊರಡುವ ಹಿಂದಿನ ದಿನ ಕೆಲ್ಲಿವಿಲ್‌ನ ಅವರ ಮನೆಯಲ್ಲಿ ಸಾಮಾನು ನೋಡಿ ತಲೆ ಚಚ್ಚಿಕೊಂಡೆ. ಒಂದು ಚೀಲದ ತುಂಬ ಖಾಕಿ: ಮಂಡಿಯ ಹತ್ತಿರ ಜಿಪ್ ಬಿಚ್ಚಿದರೆ ಚಡ್ಡಿಯಾಗುವ ಪ್ಯಾಂಟು, ಹದಿನಾರು ಜೇಬಿನ ಕೋಟು, ಗದ್ದಕ್ಕೆ ದಾರ ಕಟ್ಟುವ ಟೋಪಿ. ಇನ್ನೊಂದು ಚೀಲದ ತುಂಬ ಅವಲಕ್ಕಿ, ಚಟ್ನಿಪುಡಿ, ಸಾರಿನಪುಡಿ, ಹುರಿದ ರವೆ, ಪುಳಿಯೋಗರೆ ಗೊಜ್ಜು, ಅದರ ಮೇಲೆ ಒಂದು ಎಲೆಕ್ಟ್ರಿಕ್ ಕುಕ್ಕರ್. ಕ್ಯಾಂಪಿನಲ್ಲಿ ಕರೆಂಟಿಲ್ಲ ಎಂದು ಅವರೇ ನೂರು ಸಲ ಹೇಳಿದ್ದರು. ಯಾರೂ ಹೋಗದ ಕಡೆಗೇ ಹೋಗಬೇಕು, ಆದರೆ ನಾಲಿಗೆ ಮಾತ್ರ ಮನೆ ಬಿಟ್ಟು ಎಲ್ಲಿಗೂ ಹೋಗಬಾರದು.

“ನಿಂಬೆಹಣ್ಣು ಮಾತ್ರ ಅಲ್ಲೇ ತಗೊಳ್ಳೋಣ,” ಎಂದರು ಭಾವ. ಹಿತ್ತಲಲ್ಲಿ ಅವರದೇ ನಿಂಬೆಗಿಡವಿದೆ, ಹಣ್ಣು ಉದುರಿ ಕೊಳೆಯುತ್ತಿರುತ್ತದೆ. ಆದರೆ ಇನ್ನೊಂದು ದೇಶಕ್ಕೆ ಹಣ್ಣು ಒಯ್ಯುವಂತಿಲ್ಲ. ನಿಂಬೆಹಣ್ಣು ಬೇಕಾಗಿದ್ದುದು ಅಡುಗೆಗಲ್ಲ, ಜೀಪಿನ ಚಕ್ರಕ್ಕೆ. ಭಾವ ದೊಡ್ಡ ಪ್ರಯಾಣಕ್ಕೆ ಹೊರಡುವಾಗ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು, ಅದರ ಮೇಲೆ ಗಾಡಿ ಹತ್ತಿಸದೆ ಕದಲಿದವರಲ್ಲ. ಹೊಸ ಕಾರು ತಂದ ದಿನ ಷೋರೂಮಿನ ಮುಂದೆಯೇ ಇದನ್ನು ಮಾಡಿ, ಅಲ್ಲಿದ್ದ ಸೇಲ್ಸ್‌ಮನ್ ಪೊರಕೆ ಹಿಡಿದು ನಿಲ್ಲುವ ಹಾಗೆ ಮಾಡಿದ್ದರು.

ಮೂರು ವಿಮಾನ ಬದಲಾಯಿಸಿ ಇಳಿದೆವು. ಕೊನೆಯದು ಎಷ್ಟು ಚಿಕ್ಕದೆಂದರೆ ನಮ್ಮನ್ನೂ ಅಕ್ಕಿಮೂಟೆಯ ಹಾಗೆ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದರು. ಹೊರಗೆ ಕ್ಯಾಂಪಿನ ಜೀಪು, ಅದರ ಪಕ್ಕ ನಮ್ಮ ಗೈಡ್. ಮೂವತ್ತು ವರ್ಷವಿರಬಹುದು, ಸಣಕಲು ಮೈ. ಬಣ್ಣ ಹೋದ ಶರಟಿನ ತೋಳಿಗೆ ಕತ್ತಿಯಂಥ ಇಸ್ತ್ರಿ ಗೆರೆ. ನನಗೆ ಜೀಪಿನಲ್ಲಿ ಹಿಂದೆ ಕೂತರೆ ವಾಂತಿ ಬರುತ್ತದೆ, ಹಾಗಾಗಿ ಮುಂದೆ ಅವನ ಪಕ್ಕ ಕೂತೆ.

ದಾರಿಯಲ್ಲಿ ಅವನು ತನ್ನ ವಿಷಯ ಹೇಳಿದ. ಆರು ವರ್ಷ ಹೆಜ್ಜೆಗುರುತು ನೋಡುವ ಟ್ರ್ಯಾಕರ್ ಆಗಿದ್ದನಂತೆ, ಅಂದರೆ ಗೈಡಿನ ಹಿಂದೆ ನೀರಿನ ಕ್ಯಾನು ಹೊತ್ತು ನಡೆಯುವ ಕೆಲಸವೂ ಸೇರಿ. ಪರೀಕ್ಷೆ ಪಾಸು ಮಾಡಿ ಈ ಸೀಸನ್‌ಗೆ ಮೊದಲ ಸಲ ಗೈಡ್ ಆಗಿದ್ದಾನೆ, ಆದರೆ ಟ್ರಯಲ್ ಮೇಲೆ. ನವೆಂಬರಿನಲ್ಲಿ ಮಳೆ ಶುರುವಾಗಿ ಕ್ಯಾಂಪು ಮುಚ್ಚುವವರೆಗೆ ಒಂದೂ ತಪ್ಪು ದಾಖಲಾಗದಿದ್ದರೆ ಕೆಲಸ ಕಾಯಂ, ಎದೆಯ ಮೇಲೆ ಬ್ಯಾಡ್ಜು; ಅತಿಥಿಗಳಿಗೆ ಎದುರು ಮಾತಾಡಿದರೆ ಮಾತ್ರ ಇರುವ ಕೆಲಸವೂ ಹೋಗುತ್ತದೆ. ಬ್ಯಾಡ್ಜು ಬಂದರೆ ಕ್ಯಾಂಪಿನವರು ಮನೆ ಕೊಡುತ್ತಾರೆ, ಇನ್ನೂರು ಮೈಲಿ ದೂರದ ಊರಿನಲ್ಲಿರುವ ಹೆಂಡತಿ, ಮಗಳನ್ನು ಕರೆಸಿಕೊಳ್ಳಬಹುದು.

“ಅಯ್ಯೋ, ಇದು ನಮ್ಮ ಪಿಆರ್ ಇದ್ದ ಹಾಗೆಯೇ,” ಎಂದು ಅವನಿಗೆ ನಾನು ನನ್ನ ಏಳು ವರ್ಷದ ಕತೆ ಹೇಳಿದೆ. ಡ್ಯಾಂಡಿನಾಂಗ್‌ನ ಗೋದಾಮಿನಲ್ಲಿ ನನ್ನ ಸೂಪರ್‌ವೈಸರ್ ಒಂದೇ ಒಂದು ಕಾಗದ, ನಾನು ಅಲ್ಲಿ ಕೆಲಸ ಮಾಡಿದ್ದು ನಿಜ ಎಂಬ ಕಾಗದ, ಬರೆದುಕೊಡದೆ ನನ್ನ ಎರಡು ವರ್ಷ ತಿಂದಿದ್ದ. ಕೇಳಿದಾಗಲೆಲ್ಲ “ನೆಕ್ಸ್ಟ್ ವೀಕ್” ಎನ್ನುತ್ತಿದ್ದ. ಗೈಡ್ ಕೇಳಿ ತಲೆಯಾಡಿಸಿದ. “ಹಾಗಾದರೆ ನಿಮಗೆ ಅರ್ಥವಾಗುತ್ತದೆ ಮೇಡಂ,” ಎಂದ. ಹೌದು, ಚೆನ್ನಾಗಿಯೇ ಅರ್ಥವಾಗಿತ್ತು.

ಕಾಡಿಗೆ ಮೊದಲು ಒಂದು ಸಣ್ಣ ಸಂತೆ ಸಿಕ್ಕಿತು. ಅಕ್ಕ, “ನಾಲ್ಕ್ ನಿಂಬೆಹಣ್ಣು ತಗೊಂಡ್ ಬಾರೇ,” ಎಂದಳು. ಅಲ್ಲಿ ಬಿಡಿಯಾಗಿ ಮಾರುವುದಿಲ್ಲ, ಗುಡ್ಡೆ ಲೆಕ್ಕ, ಗುಡ್ಡೆಗೆ ಆರು. ನಾಲ್ಕನ್ನು ಭಾವನ ಕೈಗೆ ಕೊಟ್ಟೆ. ಎರಡನ್ನು ನನ್ನ ಚೀಲದ ತಳಕ್ಕೆ ಹಾಕಿ ಜಿಪ್ ಎಳೆದೆ. ಐದು ದಿನ ಕ್ಯಾಂಪಿನ ಬೇಯಿಸಿದ ತರಕಾರಿ ತಿನ್ನುವ ಯೋಚನೆಗೇ ನನ್ನ ಬಾಯಿ ಸಪ್ಪೆಯಾಗಿತ್ತು. ಒಂದು ದಿನವಾದರೂ ಚಿತ್ರಾನ್ನ ಮಾಡಿಕೊಳ್ಳೋಣ ಎಂದುಕೊಂಡೆ.

ಭಾವ ಶೂ ಬಿಚ್ಚಿ, ಟೋಪಿ ತೆಗೆದು, ಸಂತೆಯ ಜನ ಸುತ್ತ ನೆರೆದು ನೋಡುತ್ತಿರುವಾಗ ನಾಲ್ಕು ಚಕ್ರದ ಕೆಳಗೆ ಹಣ್ಣಿಟ್ಟು ಕೈ ಮುಗಿದರು. “ಇಟ್ಸ್ ಫಾರ್ ಲಕ್,” ಎಂದು ಮಗಳು ಗೈಡಿಗೆ ಹೇಳಿ ಮುಖ ಬೇರೆ ಕಡೆ ತಿರುಗಿಸಿದಳು. ಅವನು ನಗುತ್ತಲೇ ಜೀಪು ಹತ್ತಿಸಿದ. ಚಟ್ ಚಟ್ ಎಂದು ಹಣ್ಣು ಒಡೆದವು. ಆಮೇಲೆ ಅವನು ಇಳಿದು, ನೀರಿನ ಕ್ಯಾನು ತಂದು, ಕೂತು, ನಾಲ್ಕು ಚಕ್ರವನ್ನೂ ಕೈಯಿಂದ ಉಜ್ಜಿ ತೊಳೆದ. ಆಗ ನಗುತ್ತಿರಲಿಲ್ಲ.

ಎದ್ದು ನಿಂತು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ: ಆನೆಗಳಿಗೆ ನಿಂಬೆ, ಕಿತ್ತಳೆ ಎಂದರೆ ಹುಚ್ಚು. ವಾಸನೆ ಬಹಳ ದೂರಕ್ಕೆ ಹೋಗುತ್ತದೆ. ಒಂದು ಹಣ್ಣಿಗಾಗಿ ಕಾರಿನ ಬಾಗಿಲು ಕಿತ್ತ ಆನೆಗಳಿವೆ. ಹಾಗಾಗಿ ಕಾಡಿನೊಳಗೆ ಈ ಜಾತಿಯ ಯಾವ ಹಣ್ಣೂ ಬರುವಂತಿಲ್ಲ. ಇಷ್ಟು ಹೇಳಿ ಒಬ್ಬೊಬ್ಬರ ಮುಖ ನೋಡಿ ಕೇಳಿದ, ನಿಮ್ಮ ಹತ್ತಿರ ಇದೆಯಾ, ನಿಮ್ಮ ಹತ್ತಿರ? ಭಾವ ಇಲ್ಲ ಎಂದರು. ಅಕ್ಕ ಇಲ್ಲ ಎಂದಳು. ಹುಡುಗಿ “ನೋ” ಎಂದಳು. ನನ್ನನ್ನು ಕೊನೆಗೆ ಕೇಳಿದ. ನಾನೂ ಇಲ್ಲ ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೆಲ್ಬರ್ನ್ ಏರ್‌ಪೋರ್ಟಿನಲ್ಲಿ ನಾನು ಒಂದು ಒಣಮೆಣಸಿನಕಾಯಿ ಇದ್ದರೂ ಬರೆದು ತೋರಿಸುವವಳು. ಅಲ್ಲಿ ನಾಯಿ ಮೂಸುತ್ತದೆ, ದಂಡ ಹಾಕುತ್ತಾರೆ, ವೀಸಾ ಕಾಲದ ಹೆದರಿಕೆ ಇನ್ನೂ ಮೈಯಲ್ಲಿದೆ. ಇಲ್ಲಿ ಇವನೇನು ಮಾಡುತ್ತಾನೆ? ಇದೆಲ್ಲ ಟೂರಿಸ್ಟುಗಳಿಗೆ ಥ್ರಿಲ್ಲು ಕೊಡಲು ಹೇಳುವ ಮಾತು, ನನ್ನ ಕಿವಿ ಮೇಲೆ ಹೂ ಇಡುತ್ತಿದ್ದಾನೆ ಎಂದು ಒಳಗೇ ಮೂಗು ಮುರಿದೆ. ಎರಡು ನಿಂಬೆಹಣ್ಣಿಗೆ ಆನೆ ಬರುತ್ತದಂತೆ! ನನಗೆ ಎಲ್ಲರ ಬಗ್ಗೆಯೂ ಇದ್ದ ತಾತ್ಸಾರ ಅವನ ಬಗ್ಗೆಯೂ ಇತ್ತು, ಅಷ್ಟೇ.

ಕ್ಯಾಂಪೆಂದರೆ ನದಿಯ ದಡದಲ್ಲಿ ಆರು ಟೆಂಟು. ಎರಡು ದಿನ ಬೆಳಿಗ್ಗೆ ಗೈಡಿನ ಹಿಂದೆ ಸಾಲಾಗಿ ನಡೆದೆವು. ಅವನು ಲದ್ದಿ ಮುರಿದು ತೋರಿಸಿದ, ಹೆಜ್ಜೆ ತೋರಿಸಿದ, ಜಿಂಕೆಗಳು ಯಾವ ಕಡೆಗೆ ಹೆದರಿ ನೋಡುತ್ತವೆಂದು ತೋರಿಸಿದ. ಭಾವ ಅದ್ಯಾವುದನ್ನೂ ನೋಡಲಿಲ್ಲ, ಸೆಲ್ಫಿ ಸ್ಟಿಕ್ಕಿಗೆ ಮುಖ ಕೊಟ್ಟುಕೊಂಡು “ನೋಡಿ, ಇಲ್ಲಿ ಮನುಷ್ಯರ ಸುಳಿವೇ ಇಲ್ಲ,” ಎಂದು ಹೇಳುತ್ತ ನಡೆದರು. ಎರಡನೆಯ ದಿನ ಮರದ ಸಂದಿಯಿಂದ ಇನ್ನೊಂದು ಗುಂಪು ಎದುರಾಯಿತು. ಅದರಲ್ಲಿ ಹುಣಸೆಚಿಗಳಿಯ ಪೊಟ್ಟಣ ಹಿಡಿದಿದ್ದ ಒಬ್ಬ ಆಂಟಿ ನಮ್ಮನ್ನು ನೋಡಿ ಹಿಂದಿಯಲ್ಲಿ, “ಆಸ್ಟ್ರೇಲಿಯಾದಿಂದಲಾ? ಯಾವ ಸಬರ್ಬು?” ಎಂದು ಕೇಳಿದರು. ಅವರು ಡ್ಯಾಂಡಿನಾಂಗ್‌ನವರು. ಭಾವನ ಮುಖ ನೋಡಲಿಕ್ಕಾದರೂ ಅಷ್ಟು ದೂರ ಹೋಗಿದ್ದು ಸಾರ್ಥಕವಾಯಿತು. ದಿನವಿಡೀ ಅವರು ಮಾತಾಡಲಿಲ್ಲ. ನಾನು ಮಾತ್ರ ಊಟದ ಹೊತ್ತಿಗೆ, “ಭಾವ, ಆ ಆಂಟಿ ವಾಟ್ಸಾಪ್ ಗ್ರೂಪಿಗೆ ಸೇರಿಸ್ತಾರಂತೆ,” ಎಂದೆ. ಅಕ್ಕ ನೀರು ಕುಡಿಯುತ್ತಿದ್ದವಳು ನಕ್ಕು ಕೆಮ್ಮಿದಳು.

ಮೂರನೆಯ ದಿನ ಮಧ್ಯಾಹ್ನ. ಊಟವಾಗಿತ್ತು. ನಾನೂ ಅಕ್ಕನೂ ನದಿ ಕಡೆಯ ಮರದ ನೆರಳಿನಲ್ಲಿ ಕೂತಿದ್ದೆವು. ಹುಡುಗಿಗೆ ತಲೆನೋವು, ನಾನೂ ಅವಳೂ ಇದ್ದ ಟೆಂಟಿನಲ್ಲಿ ಮಲಗಿದ್ದಳು. ನನ್ನ ಚೀಲ ಅವಳ ಮಂಚದ ಕಾಲ ಹತ್ತಿರ ಇತ್ತು. ಆನೆ ಯಾವ ಕಡೆಯಿಂದ ಬಂತೋ ದೇವರೇ ಬಲ್ಲ, ಅಷ್ಟು ದೊಡ್ಡ ಪ್ರಾಣಿಯ ಸದ್ದೇ ಇಲ್ಲ. ನೋಡಿದಾಗ ಅದು ನಮ್ಮ ಟೆಂಟಿನ ಮುಂದೆ ನಿಂತು, ಸೊಂಡಿಲಿನ ತುದಿಯಿಂದ ಬಟ್ಟೆಯನ್ನು ಮೆಲ್ಲಗೆ ಮುಟ್ಟಿ ಮುಟ್ಟಿ ನೋಡುತ್ತಿತ್ತು. ಆಮೇಲೆ ತಲೆಯಿಂದ ಒಮ್ಮೆ ಒತ್ತಿತು. ಟೆಂಟಿನ ಮುಂದಿನ ಕಂಬ ಮುರಿದು ಬಿತ್ತು.

“ವಾವ್, ವಾವ್!” ಎಂದು ಭಾವ ಫೋನು ಎತ್ತಿ ವಿಡಿಯೋ ಮಾಡತೊಡಗಿದರು. ಮಗಳು ನಮ್ಮ ಜೊತೆ ಇದ್ದಾಳೆಂದುಕೊಂಡಿದ್ದರು, ಅದೊಂದು ಮಾತನ್ನು ಅವರ ಪರವಾಗಿ ಹೇಳಲೇಬೇಕು. “ಅಯ್ಯೋ, ಮಗು ಒಳಗಿದೆ!” ಎಂದು ಅಕ್ಕ ಕಿರುಚಿದಳು. ಒಳಗೆ ಮಗುವಿನ ಜೊತೆ ಇನ್ನೇನಿದೆ ಎಂಬುದು ನನಗೆ ಹೊಳೆದದ್ದು ಆಗಲೇ.

ಗೈಡ್ ಅಡುಗೆಯವರ ಕಡೆಯಿಂದ ಓಡಿ ಬಂದ. ಕ್ಯಾಂಪಿನ ಬಂದೂಕು ಕಾವಲುಗಾರನಿಗೆ ಕೈಸನ್ನೆ ಮಾಡಿ ನಿಲ್ಲಿಸಿದ. ಸುತ್ತಿ ಟೆಂಟಿನ ಹಿಂದಕ್ಕೆ ಹೋಗಿ, ಬಟ್ಟೆಯನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ, ಹುಡುಗಿಯ ತೋಳು ಹಿಡಿದು ಹೊರಗೆಳೆದು ನಮ್ಮ ಕಡೆಗೆ ತಳ್ಳಿದ. ಎಳೆಯುವಾಗ ಎರಡನೆಯ ಕಂಬ ಅವನ ಹೆಗಲ ಮೇಲೆ ಬಿತ್ತು. ಆನೆ ಅವನನ್ನೂ ನೋಡಲಿಲ್ಲ, ಹುಡುಗಿಯನ್ನೂ ನೋಡಲಿಲ್ಲ. ನನ್ನ ಚೀಲವನ್ನು ಎಳೆದುಕೊಂಡಿತು, ಕಾಲಿನಲ್ಲಿ ಒತ್ತಿ ಹರಿದುಹಾಕಿತು, ಬೇಕಾದ್ದನ್ನು ಹುಡುಕಿ ತಿಂದಿತು, ನದಿ ಕಡೆಗೆ ನಡೆದುಹೋಯಿತು. ಎಲ್ಲ ಸೇರಿ ಐದು ನಿಮಿಷವೂ ಆಗಿರಲಿಕ್ಕಿಲ್ಲ.

ಅಕ್ಕ ಮಗಳನ್ನು ತಬ್ಬಿಕೊಂಡು ಅಳುತ್ತಿದ್ದಳು. ಗೈಡ್ ಒಂದು ಕೈಯಿಂದ ಹೆಗಲು ಹಿಡಿದುಕೊಂಡು ನನ್ನ ಹರಿದ ಚೀಲವನ್ನು ಎತ್ತಿ ತಂದ. ಚೀಲದ ಒಳಗಿನ ಬಟ್ಟೆಗೆ ಒಂದು ಚೂರು ಹಳದಿ ಸಿಪ್ಪೆ ಅಂಟಿತ್ತು. ಅವನು ಅದನ್ನು ನೋಡಿದ. ನನ್ನನ್ನು ನೋಡಿದ. ಸಿಪ್ಪೆಯನ್ನು ಎರಡು ಬೆರಳಿನಲ್ಲಿ ಕಿತ್ತು ತನ್ನ ಜೇಬಿಗೆ ಹಾಕಿಕೊಂಡ. ಚೀಲ ನನ್ನ ಕೈಗೆ ಕೊಟ್ಟು, “ಮಗುವಿಗೆ ನೀರು ಕೊಡಿ ಮೇಡಂ,” ಎಂದ.

ಮಾರನೆಯ ಬೆಳಿಗ್ಗೆ ಮುಖ್ಯ ಆಫೀಸಿನಿಂದ ಮ್ಯಾನೇಜರ್ ಬಂದರು. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ವರದಿ ಬರೆಯುವ ಪುಸ್ತಕ. ನಾವು ನಾಲ್ಕು ಜನ ಊಟದ ಮೇಜಿನ ಸುತ್ತ ಕೂತಿದ್ದೆವು, ಗೈಡ್ ಬಲತೋಳನ್ನು ಬಟ್ಟೆಯಿಂದ ಕೊರಳಿಗೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದ. ಆನೆ ಸುಮ್ಮನೆ ಟೆಂಟು ಕೀಳುವುದಿಲ್ಲ, ಯಾವುದೋ ಹಣ್ಣು ಒಳಗೆ ಬಂದಿದೆ ಎಂದರು ಆಕೆ. ಆಮೇಲೆ ನಮ್ಮನ್ನು ಕೇಳಿದರು: “ಕಾಡಿನೊಳಗೆ ಬರುವ ಮೊದಲು ನಿಂಬೆ, ಕಿತ್ತಳೆ ಇದೆಯಾ ಎಂದು ಇವನು ನಿಮ್ಮನ್ನು ಕೇಳಿದನೇ?”

ಭಾವ ಗಂಟಲು ಸರಿಮಾಡಿಕೊಂಡರು. ನನ್ನ ಚೀಲದ ಸಂಗತಿ ಅವರಿಗೆ ಗೊತ್ತಿರಲಿಲ್ಲ. ತಾವು ಚಕ್ರಕ್ಕಿಟ್ಟ ಹಣ್ಣಿನ ವಾಸನೆಗೇ ಆನೆ ಬಂದಿದೆ, ತಪ್ಪು ತಮ್ಮ ತಲೆಗೆ ಬರುತ್ತದೆ ಎಂದು ರಾತ್ರಿಯಿಡೀ ಹೊರಳಾಡಿದ್ದರು. “ನೋ,” ಎಂದರು ಸ್ಪಷ್ಟವಾಗಿ. “ಹಿ ನೆವರ್ ಆಸ್ಕ್ಡ್ ಅಸ್.”

ಥೂ, ಎಂಥ ಮನುಷ್ಯ ಎಂದು ನನ್ನ ಪಿತ್ತ ನೆತ್ತಿಗೇರಿತು. ಮಗಳನ್ನು ಉಳಿಸಿದವನು ಎದುರಿಗೇ ನಿಂತಿದ್ದಾನೆ! ಅಷ್ಟು ಸಿಟ್ಟು ಬಂದರೂ ನನ್ನ ಬಾಯಿ ತೆರೆಯಲಿಲ್ಲ. ಭಾವನ ಮುಖಕ್ಕೆ ಸಾವಿರ ಸಲ ಏನೇನೋ ಅಂದ ಬಾಯಿ ಅದು. ಒಂದೇ ಒಂದು ಮಾತು ಬೇಕಾದ ದಿನ ಬಾಯಿಗೆ ಬೀಗ ಬಿದ್ದಿತ್ತು. ಅಕ್ಕ ಮೇಜು ನೋಡುತ್ತಿದ್ದಳು. ಮ್ಯಾನೇಜರ್ ಗೈಡಿನ ಕಡೆ ತಿರುಗಿದರು. ಅವನು ಒಂದು ಕ್ಷಣ ನನ್ನನ್ನೇ ನೋಡಿದ, ನಾನು ಹೇಳುತ್ತೇನೇನೋ ಎಂದು. ನಾನು ಚೀಲದ ಹರಿದ ಹಿಡಿಯನ್ನು ಸರಿಮಾಡತೊಡಗಿದೆ.

“ಹೌದು ಮೇಡಂ,” ಎಂದ ಅವನು. “ಕೇಳಲು ಮರೆತೆ.”

ಬರೆದುಕೊಂಡರು. ಅವನು ಎಡಗೈಯಲ್ಲಿ ಸಹಿ ಹಾಕಿದ. ವರದಿ ನವೆಂಬರಿನಲ್ಲಿ ಮೇಲಿನವರ ಮುಂದೆ ಹೋಗುತ್ತದೆ, ಅಲ್ಲಿಯವರೆಗೆ ಯಾರಿಗಾದರೂ ಏನಾದರೂ ನೆನಪಾದರೆ ಬರೆಯಿರಿ ಎಂದು ಮ್ಯಾನೇಜರ್ ನಮಗೆ ಒಂದೊಂದು ಕಾರ್ಡು ಕೊಟ್ಟರು.

ವಾಪಸ್ ಹೋಗುವ ಜೀಪನ್ನು ಬೇರೆಯವನು ಓಡಿಸಿದ. ಹಿಂದಿನ ಸೀಟಿನಲ್ಲಿ ಹುಡುಗಿ ನನ್ನ ಕಿವಿಯ ಹತ್ತಿರ, “ಹಿ ಡಿಡ್ ಆಸ್ಕ್, ಚಿಕ್ಕಿ. ಹಿ ಆಸ್ಕ್ಡ್ ಆಲ್ ಆಫ್ ಅಸ್,” ಎಂದಳು.

“ದೊಡ್ಡೋರ ವಿಷ್ಯ ಅದು, ಸುಮ್ನಿರು,” ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಸಿಡ್ನಿ ತಲುಪುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಸಿಡ್ನಿ ಏರ್‌ಪೋರ್ಟಿನಲ್ಲಿ ಭಾವನ ಸಂಭ್ರಮ ನೋಡಬೇಕಿತ್ತು. ಮರದ ಜಿರಾಫೆ, ಉಳಿದ ಚಟ್ನಿಪುಡಿ, ಶೂ ತಳದ ಮಣ್ಣು, ಎಲ್ಲವನ್ನೂ ಫಾರ್ಮಿನಲ್ಲಿ ಬರೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಅಲ್ಲಿದ್ದ ಹುಡುಗಿ ಶೂ ತೊಳೆದುಕೊಟ್ಟು, “ಥ್ಯಾಂಕ್ಸ್ ಫಾರ್ ಬೀಯಿಂಗ್ ಆನೆಸ್ಟ್,” ಎಂದು ನಕ್ಕಳು. “ಆಲ್ವೇಸ್,” ಎಂದರು ಭಾವ. ನಾನು ಪಕ್ಕದಲ್ಲೇ ನಿಂತಿದ್ದೆ.

ಕ್ರೇಗಿಬರ್ನ್‌ಗೆ ಬಂದು ಕಾರ್ಡನ್ನು ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ ಇಟ್ಟು ಅಂಟಿಸಿದೆ. ದಿನಾ ಹಾಲು ತೆಗೆಯುವಾಗ ಕಾಣುತ್ತಿತ್ತು. ಈ ವಾರ ಆಫೀಸಿನಲ್ಲಿ ಕೆಲಸ ಜಾಸ್ತಿ, ಮುಂದಿನ ವಾರ ಬರೆಯೋಣ. ಬರೆದರೆ ಭಾವ ಸುಳ್ಳುಗಾರರಾಗುತ್ತಾರೆ, ಅಕ್ಕನಿಗೆ ಬೇಜಾರು. ಮುಂದಿನ ವಾರ. ಆಗಸ್ಟ್ ಹೋಯಿತು, ಸೆಪ್ಟೆಂಬರ್ ಹೋಯಿತು. “ನೆಕ್ಸ್ಟ್ ವೀಕ್” ಎನ್ನುತ್ತಿದ್ದ ಆ ಸೂಪರ್‌ವೈಸರನ್ನು ನಾನು ಎಷ್ಟು ವರ್ಷ ಬೈದುಕೊಂಡಿದ್ದೇನೆ! ಅವನ ಮನೆಯ ಫ್ರಿಜ್ಜಿನ ಮೇಲೂ ಹೀಗೇ ನನ್ನ ಹೆಸರಿತ್ತೇನೋ.

ಅಕ್ಟೋಬರಿನಲ್ಲಿ ಕೆಲ್ಲಿವಿಲ್‌ನಲ್ಲಿ ಭಾವ ಶನಿವಾರ ಮಧ್ಯಾಹ್ನದ ಊಟಕ್ಕೆ ಎಲ್ಲರನ್ನೂ ಕರೆದರು. ನಾನು ಮೆಲ್ಬರ್ನಿನಿಂದ ಬೆಳಗಿನ ವಿಮಾನ ಹತ್ತಿ ಹೋದೆ. ಬೆಂಗಳೂರು, ಮೈಸೂರಿನ ಐಟಿ ಜನ ಹತ್ತು ಹನ್ನೆರಡು ಮನೆಯವರು, ಮೇಲೆ ಮಹಡಿಯಲ್ಲಿ ಮಕ್ಕಳು, ಕೆಳಗೆ ಬಿಸಿಬೇಳೆಬಾತು, ಬೂಂದಿ. ಗೋಡೆಯಷ್ಟು ದೊಡ್ಡ ಟೀವಿಯಲ್ಲಿ ಭಾವನ ಆಫ್ರಿಕಾ. ಡ್ಯಾಂಡಿನಾಂಗ್ ಆಂಟಿ ಇದ್ದ ಫೋಟೋಗಳೆಲ್ಲ ಮಾಯವಾಗಿದ್ದವು. ಕೊನೆಗೆ ಆನೆಯ ವಿಡಿಯೋ ಬಂತು. ಅಕ್ಕನ ಕಿರುಚಾಟ ಬರುವ ಜಾಗವನ್ನು ಕತ್ತರಿಸಿ, ಅದಕ್ಕೆ ಡೋಲು ಬಾರಿಸುವ ಸಂಗೀತ ಹಾಕಿದ್ದರು.

“ಅಂಕಲ್, ಆನೆ ಯಾಕೆ ಬಂತು?” ಎಂದು ಯಾರೋ ಕೇಳಿದರು.

“ಗೈಡು ಹೊಸಬ, ಪಾಪ,” ಎಂದರು ಭಾವ, ಕೈಯಲ್ಲಿ ಬೂಂದಿ ಬಟ್ಟಲು ಹಿಡಿದು. “ಹಣ್ಣು ಇದೆಯಾ ಅಂತ ಕೇಳೋದೇ ಮರ್ತ್‌ಬಿಟ್ಟ. ಆಫ್ ದ ಬೀಟನ್ ಟ್ರ್ಯಾಕ್ ಹೋದ್ರೆ ಇವೆಲ್ಲ ಇರ್ತವೆ.” ಮೆಟ್ಟಿಲ ಮೇಲೆ ಕೂತಿದ್ದ ಅವರ ಮಗಳು ಎದ್ದು ನನ್ನ ಕಡೆ ಒಮ್ಮೆ ನೋಡಿ ಮೇಲಕ್ಕೆ ಹೋದಳು.

ನನಗೆ ತಡೆಯಲಾಗಲಿಲ್ಲ. “ಅವನು ಕೇಳಿದ್ದ,” ಎಂದೆ ಗಟ್ಟಿಯಾಗಿ. ಕೋಣೆ ತಿರುಗಿ ನೋಡಿತು. “ನಾಲ್ಕೂ ಜನರನ್ನ ಕೇಳಿದ್ದ. ನಿಂಬೆಹಣ್ಣು ಇದ್ದಿದ್ದು ನನ್ನ ಚೀಲದಲ್ಲಿ. ಚಿತ್ರಾನ್ನಕ್ಕೆ ಅಂತ ಎರಡು ಇಟ್ಕೊಂಡಿದ್ದೆ. ಇಲ್ಲ ಅಂತ ಸುಳ್ಳು ಹೇಳ್ದೆ.”

ಇಡೀ ಮನೆ ನಕ್ಕಿತು. “ಚಿತ್ರಾನ್ನಕ್ಕಂತೆ!” ಎಂದು ಒಬ್ಬರು ತೊಡೆ ತಟ್ಟಿದರು. “ಇವ್ಳ ಬಾಯಿಗೆ ಯಾರೂ ಸಿಗ್ಬಾರ್ದಪ್ಪ,” ಎಂದರು ಇನ್ನೊಬ್ಬರು. ಭಾವ ಕಣ್ಣೊರೆಸಿಕೊಂಡು ನಕ್ಕರು, ಪಾಪ, ಅವರಿಗೂ ನಿಜವಾಗಿ ತಮಾಷೆಯೆಂದೇ ಅನ್ನಿಸಿತ್ತು. “ನಿಜ ಹೇಳ್ತಾ ಇದೀನಿ,” ಎಂದೆ. ಇನ್ನೂ ಜೋರಾಗಿ ನಕ್ಕರು. ಅಕ್ಕ ಒಬ್ಬಳು ನಗಲಿಲ್ಲ. ನನ್ನನ್ನು ದಿಟ್ಟಿಸಿ ನೋಡಿ, “ಬಾತು ಇನ್ನೂ ಸ್ವಲ್ಪ ಹಾಕ್ಕೊಳ್ಳೇ,” ಎಂದಳು.

ಹೊರಡುವಾಗ ಎಲ್ಲರಿಗೂ ಕೊಡುವ ಹಾಗೆ ನನಗೂ ಹಿತ್ತಲಿನ ನಿಂಬೆಹಣ್ಣು ಒಂದು ಚೀಲ ತುಂಬಿದಳು. ಬೇಡ ಎಂದೆ. “ಯಾಕೇ?” ಎಂದಳು. ಚೀಲ ಅಲ್ಲೇ ಬಿಟ್ಟು ಚಪ್ಪಲಿ ಹಾಕಿಕೊಂಡೆ.

ಮೆಟ್ರೋ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಫೋನಿನಲ್ಲೇ ಮ್ಯಾನೇಜರಿಗೆ ಬರೆದೆ. ದಿನಾ ನೋಡಿ ನೋಡಿ ಕಾರ್ಡಿನ ಇಮೇಲ್ ವಿಳಾಸ ಬಾಯಿಪಾಠವಾಗಿತ್ತು. ಅವನು ಕೇಳಿದ್ದ, ಚಕ್ರ ಕೂಡ ತೊಳೆದಿದ್ದ, ತಪ್ಪು ನನ್ನದು, ಅವನು ನಮ್ಮ ಹುಡುಗಿಯ ಜೀವ ಉಳಿಸಿದ, ದಯವಿಟ್ಟು ಅವನ ಬ್ಯಾಡ್ಜು ತಡೆಯಬೇಡಿ. ಮೂರು ತಿಂಗಳು ಆಗದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು.

ಉತ್ತರ ಎಂಟು ದಿನಕ್ಕೆ ಬಂತು. ನಾನು ಕ್ರೇಗಿಬರ್ನ್‌ನಲ್ಲಿ ಅಡುಗೆಮನೆಯ ಕಟ್ಟೆಗೆ ಒರಗಿ ಓದಿದೆ. ಮ್ಯಾನೇಜರ್ ಬಹಳ ಸೌಜನ್ಯದಿಂದ ಬರೆದಿದ್ದರು. ಪತ್ರ ತಲುಪಿದ ಮೇಲೆ ಅವನನ್ನು ಕರೆಸಿ ಮತ್ತೆ ಕೇಳಿದರಂತೆ. ಕೇಳಲು ಮರೆತಿದ್ದು ನಿಜ ಎಂದೇ ಅವನು ಹೇಳಿದನಂತೆ. “ಆ ಮೇಡಂ ಮುಂದಿನ ಸೀಟಿನಲ್ಲಿ ಕೂತು ನನ್ನ ಕಷ್ಟ ಕೇಳಿದ್ದರು, ಅವರೂ ಹೀಗೇ ಕಾಗದಕ್ಕಾಗಿ ವರ್ಷಗಟ್ಟಲೆ ಕಾದವರು. ತುಂಬ ಒಳ್ಳೆಯವರು. ಅದಕ್ಕೇ ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದಾರೆ,” ಎಂದನಂತೆ. ನಿಮ್ಮಂಥ ಅತಿಥಿಗಳು ಅಪರೂಪ, ಆದರೆ ನಿಯಮ ನಿಯಮವೇ, ಅವನು ಇನ್ನೆರಡು ಸೀಸನ್ ಟ್ರ್ಯಾಕರ್ ಆಗಿರುತ್ತಾನೆ, ಆಮೇಲೆ ಮತ್ತೆ ಪ್ರಯತ್ನಿಸಬಹುದು ಎಂದು ಮುಗಿಸಿದ್ದರು.

ಮತ್ತೆ ಬರೆಯಲು ಕೂತೆ. ‘ಅವನು ಹೇಳುತ್ತಿರುವುದು ಸುಳ್ಳು’ ಎಂದು ಟೈಪ್ ಮಾಡಿ ನಿಲ್ಲಿಸಿದೆ. ಅದನ್ನು ಕಳಿಸಿದರೆ, ಸಹಿ ಹಾಕಿದ ವರದಿಯಲ್ಲಿ ಸುಳ್ಳು ಬರೆದವನು ಎಂದಾಗುತ್ತದೆ. ಮರೆತವನಿಗೆ ಎರಡು ಸೀಸನ್, ಸುಳ್ಳು ಬರೆದವನಿಗೆ ಆ ಕಾಡಿನಲ್ಲಿ ಕೆಲಸವೇ ಇಲ್ಲ. ಅದು ಅವನಿಗೆ ನನಗಿಂತ ಮೊದಲೇ ಗೊತ್ತಿತ್ತು. ಒಂದೊಂದೇ ಅಕ್ಷರ ಅಳಿಸಿದೆ.

ನನ್ನ ಗಂಡ ಕಾಫಿಗೆ ಬಂದವರು ನನ್ನ ಮುಖ ನೋಡಿ, “ಏನಂತೆ ಆಫ್ರಿಕಾದೋರು? ಏನ್ ಬರ್ದಿದಾರೆ?” ಎಂದು ಕೇಳಿದರು.

“ನಾನು ತುಂಬಾ ಒಳ್ಳೆಯವಳಂತೆ,” ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.